ನಲವತ್ತೇಳನೇ ನಂಬರಿನ ಬಲೆ

ಸಾಮಿಲ್ ಹಿಲ್, ಉತ್ತರ ಕ್ಯಾರೊಲೈನಾ
೯ ಜೂನ್ ೧೯೮೬

ಅಲಾಸ್ಕಾದ ಮೀನು ಡಬ್ಬಿ ಕಾರ್ಖಾನೆಯ ಯಂತ್ರಶಾಲೆಯನ್ನು ಆಳುತ್ತಿರುವ, ಕೊಡಿಯಾಕ್ ದ್ವೀಪಾಧೀಶ್ವರಿ, ಕುಮಾರಿ ಡ್ರೀಮಾ ಬ್ರ್ಯಾಕೆನ್ ಅವರ ಗ್ರೀಸು ಮೆತ್ತಿದ ಪಾದಗಳಿಗೆ, ಅವರ ಏಕೈಕ ತಮ್ಮ ಟಾಲಿ ಮಾಡಿಕೊಳ್ಳುವ ಅರಿಕೆ.

ಬ್ರ್ಯಾಕೆನ್ ಗ್ಯಾರೇಜಿನ ಉಚ್ಚ ನ್ಯಾಯಾಲಯ ನಿನ್ನೆ ಸಂಜೆ ಟೈರುಗಳ ಮೇಲೆ ಸಭೆ ಸೇರಿತು. ನ್ಯಾಯಾಧೀಶ ನಾನೇ. ಈ ಮನೆಯಲ್ಲಿ ಸಿಟ್ಟಿಲ್ಲದೆ ಉಳಿದಿರುವವನು ನಾನೊಬ್ಬನೇ ಆದ್ದರಿಂದ ಬೇರೆ ದಾರಿ ಇರಲಿಲ್ಲ. ವ್ಯಾಜ್ಯದ ಸಾರಾಂಶ ಹೀಗಿದೆ:

ಒಂದನೇ ಆರೋಪ, ಮಗಳ ಮೇಲೆ. ಎಂಜಿನ್ ಕಟ್ಟಲು ಮಗಳು ಬೇಕು, ಓಡಿಸಲು ಮಾತ್ರ ಬೇಡ ಎಂದು ಅಪ್ಪ ತಮ್ಮ ನೀಲಿ ಕಾರಿನ ಸೀಟು ಕೊಡದೇ ಇದ್ದುದಕ್ಕೆ, ಸದರಿ ಮಗಳು ಅಪ್ಪನ ಹಳೆಯ ವೈರಿ ಆರ್ಲನ್ ಶೂಕನ ಹಳದಿ ಕಾರು ಹತ್ತಿದಳು. ಮೇ ತಿಂಗಳ ಕೊನೆಯ ಶನಿವಾರ, ನಮ್ಮೂರಿನ ಓಟದ ಅಂಗಳದಲ್ಲಿ, ಕೊನೆಯ ಸುತ್ತಿನ ಮೂರನೇ ತಿರುವಿನಲ್ಲಿ, ಸ್ವಂತ ಅಪ್ಪ ಗ್ರೇಡಿ ಬ್ರ್ಯಾಕೆನ್ ಅವರನ್ನು ನಲವತ್ತೇಳನೇ ನಂಬರಿನ ಆ ನೀಲಿ ಕಾರಿನ ಸಮೇತ ಗೋಡೆಗೆ ಒರೆಸಿದಳು.

ಎರಡನೇ ಆರೋಪ, ಅಪ್ಪನ ಮೇಲೆ. ಕಾರು ಬಡಿದು ನಿಂತ ಮೇಲೆ ಒಳಗಿರುವವನು ಕಿಟಕಿಗೆ ಗಾಜಿನ ಬದಲು ಕಟ್ಟಿರುವ ಬಲೆ ಇಳಿಸಬೇಕು. ಇಳಿಸಿದರೆ ಮನುಷ್ಯ ನೆಟ್ಟಗಿದ್ದಾನೆ ಎಂದು ಅರ್ಥ, ಇಳಿಸದಿದ್ದರೆ ಆಂಬುಲೆನ್ಸ್ ಓಡಬೇಕು. ಇದು ನಮ್ಮೂರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ಕಾನೂನು. ಸದರಿ ಅಪ್ಪ, ಮೈಮೇಲೆ ಒಂದು ಗೀರೂ ಇಲ್ಲದೆ, ಬಲೆ ಇಳಿಸದೆ ಕಲ್ಲಿನ ಹಾಗೆ ಕೂತರು. ಅಮ್ಮ ಮನೆಯ ಚಪ್ಪಲಿಯಲ್ಲೇ ಬೇಲಿ ಹಾರಿ ಓಡಿದಳು. ಮಗಳು ಹಳದಿ ಕಾರಿನಿಂದ ಇಳಿದು ಗೋಡೆಯ ಬಳಿ ಓಡಿ ಬಂದು ನಿಂತಳು. ಆಮೇಲೆ ಅಪ್ಪ ಸಾವಕಾಶವಾಗಿ ಹೊರಗೆ ಬಂದು ಮಗಳಿಗೆ ಹೇಳಿದ್ದು ಒಂದೇ ಮಾತು: "ಹೆದರಿದ್ಯಾ? ಹೆದರಲಿ ಅಂತಾನೇ ಕೂತಿದ್ದೆ."

ಓಟದ ಅಂಗಳದ ಯಜಮಾನ ಬಂದು, "ಬೇಕಂತಲೇ ಗುದ್ದಿದಳಾ ಗ್ರೇಡಿ?" ಎಂದು ಕೇಳಿದಾಗ ಅಪ್ಪ, "ಅವಳನ್ನೇ ಕೇಳು" ಎಂದರು. ಅಷ್ಟಕ್ಕೇ ನಿನಗೆ ಓಟದಿಂದ ವರ್ಷಪೂರ್ತಿ ಬಹಿಷ್ಕಾರ. ನೀನು ಮನೆಗೂ ಬರದೆ ಅಲ್ಲಿಂದಲೇ ಮೀನಿನ ಸೀಮೆಗೆ ಹೋದೆ.

ತೀರ್ಪು: ಇಬ್ಬರೂ ಕತ್ತೆಗಳು. ಇಬ್ಬರೂ ಒಬ್ಬರಿಗೊಬ್ಬರು ತಪ್ಪಾಯ್ತು ಎನ್ನತಕ್ಕದ್ದು. ಅಲ್ಲಿಯವರೆಗೂ ಅಮ್ಮ ಜೋಳದ ರೊಟ್ಟಿಯನ್ನು ಬೇಕಂತಲೇ ಸೀಯಿಸುತ್ತಿದ್ದಾಳೆ, ಮತ್ತು ಅದನ್ನು ತಿನ್ನುತ್ತಿರುವವನು ನಿರಪರಾಧಿಯಾದ ನಾನು.

ಮಾನ್ಯ ನ್ಯಾಯಾಧೀಶ,
ಟಾಲಿ


ಕೊಡಿಯಾಕ್, ಅಲಾಸ್ಕಾ
೨೪ ಜೂನ್ ೧೯೮೬

ಟಾಲಿ,

ಇನ್ನೊಂದು ಸಲ ನ್ಯಾಯಾಲಯ, ಆರೋಪ, ತೀರ್ಪು ಅಂತೆಲ್ಲ ಬರೆದರೆ ನಿನ್ನ ಕಾಗದವನ್ನು ಮೀನು ಸುತ್ತಲು ಕೊಡುತ್ತೇನೆ. ನಗುವ ವಿಷಯವಲ್ಲ ಇದು.

ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗರು ಕೇಳುತ್ತಾರೆ, ನೀವು ಓಟಕ್ಕೆ ಬಿಡುವ ಸ್ಟಾಕ್ ಕಾರು ಅಂದರೆ ಅಂಗಡಿಯಲ್ಲಿ ಮಾರುವ ಕಾರೇ ತಾನೇ, ಹೆಸರೇ ಹಾಗಿದೆಯಲ್ಲ ಅಂತ. ಹೆಸರೊಂದೇ ಅಂಗಡಿಯದು ಅಂತ ನಾನು ಹೇಳುತ್ತೇನೆ. ಆ ಕಾರಿಗೆ ಬಾಗಿಲಿಲ್ಲ, ಬಾಗಿಲಿನ ಗೆರೆ ಮಾತ್ರ ಇರುತ್ತದೆ. ಕಿಟಕಿಯಿಂದ ಕಾಲು ಮೊದಲು ತೂರಿಸಿ ಒಳಗಿಳಿಯಬೇಕು. ದೀಪವಿಲ್ಲ, ದೀಪದ ಚಿತ್ರ ಅಂಟಿಸಿರುತ್ತೇವೆ. ಹಾರ್ನ್ ಇಲ್ಲ. ಕೀಲಿಕೈ ಇಲ್ಲ, ಒಂದು ಗುಂಡಿ ಒತ್ತಿದರೆ ಹೊರಡುತ್ತದೆ. ವೇಗ ತೋರಿಸುವ ಮುಳ್ಳಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿಗೆ ಸೀಟಿಲ್ಲ. ಭಾರವನ್ನೆಲ್ಲ ಎಡಕ್ಕೆ ತುಂಬಿ, ಬಲಗಡೆ ಒಂದು ಸುತ್ತು ದಪ್ಪ ಟೈರು ಹಾಕಿರುವುದರಿಂದ, ಸುಮ್ಮನೆ ಬಿಟ್ಟರೂ ಎಡಕ್ಕೇ ತಿರುಗುತ್ತದೆ. ಅದಕ್ಕೆ ಬೇರೆ ಏನೂ ಗೊತ್ತಿಲ್ಲ.

ಇಷ್ಟೆಲ್ಲ ಕಿತ್ತು ಹಾಕಿದ ಕಾರಿನಲ್ಲಿ ಹೊರಗಿನವರೊಂದಿಗೆ ಮಾತಾಡಲು ಉಳಿದಿರುವುದು ಆ ಬಲೆ ಒಂದೇ ಕಣೋ. ಅದಕ್ಕೆ ಒಂದೇ ಮಾತು ಬರುತ್ತದೆ: ಬದುಕಿದ್ದೇನೆ. ಆ ಒಂದು ಮಾತನ್ನು ಅಪ್ಪ ಬೇಕಂತ ನುಂಗಿಕೊಂಡು ಕೂತ, ನನ್ನ ಮುಖ ನೋಡಲು. ಗೋಡೆಯ ಬಳಿ ನಿಂತಿದ್ದಾಗ ನನ್ನ ಹೆಲ್ಮೆಟ್ಟಿನೊಳಗೆ ನಾನೇ ಕಿರುಚುತ್ತಿರುವುದು ನನಗೆ ಕೇಳಿಸುತ್ತಿತ್ತು. ಬಲೆಯ ಆ ಚಿಲಕವನ್ನು ಕೂರಿಸಿದ್ದು ನಾನು. ಬೆಲ್ಟು ಬಿಗಿದಿದ್ದರೂ ಅಪ್ಪನ ಎಡಗೈ ತಾನಾಗಿಯೇ ಹೋಗಿ ಬೀಳುವಂಥ ಮೂಲೆ ಹುಡುಕಿ, ಮೂರು ಸಲ ರಂಧ್ರ ಕೊರೆದು ಕೂರಿಸಿದ್ದು. ಒಂದು ಬೆರಳು ಸಾಕು ಅದನ್ನು ಬಿಡಿಸಲು. ಅಷ್ಟೂ ಮಾಡಲಿಲ್ಲ.

ಇನ್ನು ಗುದ್ದಿದ ಮಾತು. ನಾನು ಗುದ್ದಲಿಲ್ಲ. ನಾನು ನನ್ನ ಗೆರೆಯಲ್ಲೇ ಇದ್ದೆ, ಅಪ್ಪ ತಿರುವಿನ ನಡುವೆ ಗೋಡೆಯ ಕಡೆಗೆ ತೇಲಿ ಬಂದು ನನಗೆ ಅಡ್ಡವಾದ. ಅವತ್ತೇ ಹೇಳಿದೆ, ಯಾರೂ ಕೇಳಲಿಲ್ಲ. ಗ್ರೇಡಿ ಬ್ರ್ಯಾಕೆನ್ ಇಪ್ಪತ್ತೆರಡು ವರ್ಷದಿಂದ ಆ ತಿರುವಿನಲ್ಲಿ ಒಂದು ಗೇಣೂ ಆಚೀಚೆ ಹೋದವನಲ್ಲ ಎಂದರು. ಅಪ್ಪನೂ ಬಾಯಿ ಬಿಡಲಿಲ್ಲ.

ನಾನು ತಪ್ಪಾಯ್ತು ಅನ್ನುವುದಿಲ್ಲ. ಬಹಿಷ್ಕಾರ ತೆಗೆಸುವವರೆಗೂ ಬರುವುದೂ ಇಲ್ಲ. ಅಮ್ಮನಿಗೆ ಪ್ರತ್ಯೇಕ ಬರೆದಿದ್ದೇನೆ, ಓದಬೇಡ.

ಡ್ರೀಮಾ


ಸಾಮಿಲ್ ಹಿಲ್
೧೨ ಜುಲೈ ೧೯೮೬

ಘನತೆವೆತ್ತ ಮೀನೇಶ್ವರಿಯವರಿಗೆ,

ನಿನ್ನ ಕಾಗದ ತಲುಪಿತು. ಲಕೋಟೆಯೇ ಬಿಸಿಯಾಗಿತ್ತು. ಅಮ್ಮನ ಕಾಗದವನ್ನು ನಾನು ಓದಲಿಲ್ಲ. ಅವಳೇ ಓದಿ ಹೇಳಿದಳು, ಎರಡು ಸಲ.

ಮೊದಲು ಊರಿನ ವಾರ್ತೆ. ನಮ್ಮ ಗ್ಯಾರೇಜಿನಲ್ಲಿ ಉಳಿದಿದ್ದ ದೀಪದ ಚಿತ್ರಗಳನ್ನು ದೈವಪ್ರೇರಣೆಯಾಗಿ ಯಾರೋ ಆರ್ಲನ್ ಶೂಕನ ಹೊಸ ಲಾರಿಯ ನಿಜವಾದ ದೀಪಗಳ ಮೇಲೆ ಅಂಟಿಸಿದ್ದಾರೆ. ಸಂಜೆ ದೀಪ ಹಾಕಿದರೆ ಬೆಳಕೇ ಬಾರದೆ ಅವನು ಬ್ಯಾಟರಿ ಬದಲಿಸಿದನಂತೆ, ವೈರು ಬದಲಿಸಿದನಂತೆ. ಕೊನೆಗೆ ಅವನ ಹೆಂಡತಿ ಉಗುರಿನಿಂದ ಕೆರೆದು ನೋಡಿದಳಂತೆ. ಈ ಘೋರ ಕೃತ್ಯವನ್ನು ನಾನು ಎಲ್ಲರಿಗಿಂತ ಮೊದಲು ಖಂಡಿಸಿದೆ.

ಇನ್ನು ಮನೆಯ ವಾರ್ತೆ. ಇದನ್ನು ಬರೆಯುವಾಗ ನನಗೂ ನಗು ಬರುತ್ತಿಲ್ಲ, ಆದ್ದರಿಂದ ತಯಾರಾಗು. ಅಪ್ಪ ಅಸಾಧ್ಯನಾಗಿದ್ದಾನೆ. ನಲವತ್ತೇಳರ ಎಡಗಡೆಯ ತಗಡನ್ನೆಲ್ಲ ಕಿತ್ತೆಸೆದು ಹೊಸದು ಕಟ್ಟಿದ. ಚಿಲಕವನ್ನೂ ಹೊಸದಾಗಿ, ನೀನು ಕೂರಿಸಿದ್ದ ಅದೇ ಮೂಲೆಗೇ ಕೂರಿಸಿದ. ಕಾರು ಮುಗಿದರೂ ಓಟಕ್ಕೆ ಮಾತ್ರ ಹೋಗುತ್ತಿಲ್ಲ. ಕೇಳಿದರೆ, "ಅವಳು ಗುದ್ದಿದ್ದಕ್ಕೆ ಚೌಕಟ್ಟಿನ ಕಂಬಿ ಸೊಟ್ಟಗಾಗಿದೆ" ಎನ್ನುತ್ತಾನೆ. ಕಂಬಿಯನ್ನು ನಾನೇ ಅಳೆದೆ, ನೆಟ್ಟಗಿದೆ. ಸ್ಪಾನರನ್ನು ನೆಲಕ್ಕೆ ಬಿಸಾಡುತ್ತಾನೆ. ಕಾಫಿ ಲೋಟ ಬಿಸಾಡುತ್ತಾನೆ, ಈ ತಿಂಗಳಲ್ಲೇ ಎರಡು ಹೋದವು. ಅಂಗಿಯ ಗುಂಡಿ ಹಾಕುತ್ತಿದ್ದ ಅಮ್ಮನ ಕೈಯನ್ನು ನನ್ನೆದುರಿಗೇ ತಳ್ಳಿದ. ಅಮ್ಮನ ಕಂದು ಬ್ಯೂಕ್ ಕಾರು ತೆಗೆದುಕೊಂಡು ಹೋಗಿ ನಮ್ಮದೇ ಅಂಚೆ ಡಬ್ಬಿಯ ಕಂಬಕ್ಕೆ ಗುದ್ದಿದ, ಒಂದೇ ವಾರದಲ್ಲಿ ಎರಡು ಸಲ, "ಕಂಬ ರಸ್ತೆಗೆ ಬಂದಿದೆ" ಎಂದು ಕಂಬಕ್ಕೇ ಬೈದ. ಗಾಡಿ ಓಡಿಸುವ ಶೋಕಿ ಬೇರೆ: ಎಡಗೈ ತೊಡೆಯ ಮೇಲೆ, ಬಲಗೈ ಒಂದೇ ಸ್ಟಿಯರಿಂಗ್ ಮೇಲೆ, ಹುಡುಗಿ ನೋಡಲು ಹೊರಟ ಹದಿನೆಂಟರ ಹುಡುಗನ ಹಾಗೆ. ಮಗಳನ್ನು ಓಡಿಸಿ ಈ ವಯಸ್ಸಿಗೆ ಶೋಕಿ.

ನಾನು ಜಗಳವನ್ನೂ ಆಡಿದೆ. "ಯಜಮಾನನ ಹತ್ತಿರ ಹೋಗಿ ಒಂದು ಮಾತು ಹೇಳು, ಅವಳು ಬೇಕಂತ ಗುದ್ದಲಿಲ್ಲ ಅಂತ" ಎಂದೆ.

"ನಿನಗೇನು ಗೊತ್ತೋ? ಒಳಗೆ ನೀನಿದ್ಯಾ?"

"ಒಳಗೆ ಕೂತು ಆಟ ಆಡ್ತಿದ್ದವನು ನೀನು. ಅಮ್ಮನ ಪ್ರಾಣ ಹೋಗಿತ್ತು."

"ಹೋಗು ಆಚೆ" ಎಂದು ತಲೆ ತಗ್ಗಿಸಿದ. ಸಿಟ್ಟು ಬಂದಾಗ ನಮ್ಮಪ್ಪ ತಲೆ ತಗ್ಗಿಸುವವನಲ್ಲ, ಅಷ್ಟರಮಟ್ಟಿಗೆ ನಾಚಿಕೆಯಾಗಿರಬೇಕು. ಆಗಲಿ.

ನಿನ್ನ ಮೇಲೂ ನನಗೆ ಸಿಟ್ಟಿದೆ, ಬರೆದುಬಿಡುತ್ತೇನೆ. ನೀನು ಹೊರಟುಹೋದೆ. ಮೀನಿನ ನಾತದ ನಡುವೆ ಕೂತು ಹಕ್ಕಿನ ಮಾತಾಡುತ್ತೀಯ. ಇಲ್ಲಿ ಊಟದ ಮೇಜಿನಲ್ಲಿ ಕೂರುವವನು ನಾನು. ಆ ಮೇಜಿಗೂ ಒಂದು ಬಲೆ ಹಾಕಿಸಬೇಕು.

ಇದರ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಅಪ್ಪ ಕಿತ್ತೆಸೆದ ಹಳೆಯ ತಗಡಿನ ರಾಶಿಯಲ್ಲಿ ನಿನ್ನ ಚಿಲಕ ಸಿಕ್ಕಿತು, ಅಂಟಿಕೊಂಡಿದ್ದ ತಗಡಿನ ಚೂರು ಸಮೇತ ಕತ್ತರಿಸಿದ್ದೇನೆ. ಅಪ್ಪನ ದುಷ್ಟತನಕ್ಕೆ ಇದೇ ಸಾಕ್ಷಿ. ನಾನೇ ಪರೀಕ್ಷೆ ಮಾಡಿದೆ, ಬೆಣ್ಣೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಸಿಕ್ಕಿಹಾಕಿಕೊಂಡಿತ್ತು ಎನ್ನುವ ನೆಪವೂ ಇಲ್ಲ ಅವನಿಗೆ. ಗೋಡೆಗೆ ನೇತುಹಾಕಿಕೊಂಡು ದಿನವೂ ಶಪಿಸು.

ಟಾಲಿ


ಕೊಡಿಯಾಕ್
೨೮ ಜುಲೈ ೧೯೮೬

ಟಾಲಿ, ಪೆದ್ದ,

ಆ ತಗಡನ್ನು ನೀನು ನೋಡಿದೆಯಾ, ಇಲ್ಲ ಚಿಲಕವನ್ನು ಟಕಟಕ ಅನ್ನಿಸಿ ಆಟವಾಡಿ ಕಳಿಸಿದೆಯಾ? ಕಣ್ಣು ಎಲ್ಲಿ ಮೇಯಲು ಹೋಗಿತ್ತು?

ಚಿಲಕದ ಸುತ್ತ ನೀಲಿ ಬಣ್ಣ ಇಲ್ಲ. ಕೆರೆದುಹೋಗಿದೆ. ಸಣ್ಣ ಸಣ್ಣ ಕಮಾನು ಗೀರುಗಳು, ಒಂದರ ಮೇಲೊಂದು, ಮೇಲೆ, ಕೆಳಗೆ, ಪಕ್ಕದಲ್ಲಿ, ಚಿಲಕದ ಗುಂಡಿಯೊಂದನ್ನು ಬಿಟ್ಟು ಎಲ್ಲ ಕಡೆ. ಗೋಡೆಗೆ ಬಡಿದರೆ ಉದ್ದ ಗೀರಾಗುತ್ತದೆ. ಇದು ಉಂಗುರದ ಗೀರು. ಎಡಗೈಯ ಮದುವೆ ಉಂಗುರ. ಮೇ ತಿಂಗಳ ಓಟಕ್ಕೆ ಎರಡು ದಿನ ಮೊದಲು ಆ ಮೂಲೆಗೆ ಬಣ್ಣ ಹೊಡೆದವಳು ಅಮ್ಮ; ನಾನು ಶೂಕನ ಕಡೆ ಹೋದ ಮೇಲೆ ನಿಮಗೆ ಬೇರೆ ಯಾರೂ ಇರಲಿಲ್ಲವಲ್ಲ. ಆದ್ದರಿಂದ ಈ ಗೀರುಗಳೆಲ್ಲ ಆ ಒಂದೇ ರಾತ್ರಿಯವು.

ಅಪ್ಪ ಆಟವಾಡುತ್ತಾ ಕೂತಿರಲಿಲ್ಲ. ಹುಡುಕುತ್ತಿದ್ದ. ಕೈಗೆ ಸಿಗಲಿಲ್ಲ. ಅವನ ಎಡಗೈ ಅವನ ಮಾತು ಕೇಳುತ್ತಿಲ್ಲ.

ಈಗ ನಿನ್ನ ಕಾಗದವನ್ನೇ ಇನ್ನೊಮ್ಮೆ ಓದು. ಲೋಟ ಬಿಸಾಡಲಿಲ್ಲ, ಜಾರಿತು. ಸ್ಪಾನರೂ ಜಾರಿತು. ಅಂಗಿಯ ಗುಂಡಿಯನ್ನು ಅಮ್ಮ ಯಾಕೆ ಹಾಕುತ್ತಿದ್ದಳು ಅಂತ ಕೇಳಿಕೊಂಡೆಯಾ? ಅವಳಿಗೆ ಗೊತ್ತು. ನನಗೆ ಬರೆದ ಅಷ್ಟು ಕಾಗದಗಳಲ್ಲಿ ಒಂದು ಮಾತೂ ಬರೆಯಲಿಲ್ಲ. ಅವಳ ಮೇಲೂ ನನಗೆ ಸಿಟ್ಟು ಬಂದಿದೆ. ಮೂರನೇ ತಿರುವಿನಲ್ಲಿ ಅಪ್ಪ ತೇಲಿ ಬಂದದ್ದು ಯಾಕೆ ಅಂತಲೂ ಈಗ ಗೊತ್ತಾಯಿತು. ಒಂದು ಕೈ ಬಿಟ್ಟುಹೋದರೆ ಯಾರೇ ಆದರೂ ತೇಲುತ್ತಾರೆ.

ಪಾಪ ಅನ್ನಿಸಬೇಕಿತ್ತು, ಅನ್ನಿಸುತ್ತಿಲ್ಲ. ಇನ್ನೂ ಹೆಚ್ಚು ಸಿಟ್ಟು ಬರುತ್ತಿದೆ. ಕೈ ಸೋತಿತು ಅಂತ ಹೇಳಲು ಆಗದೆ ಮಗಳು ಗುದ್ದಿದಳು ಅಂತ ಊರು ಹೇಳಲಿಕ್ಕೆ ಬಿಟ್ಟನಲ್ಲ. ಕೇಡಿಗ ಅನ್ನಿಸಿಕೊಂಡರೂ ಅಡ್ಡಿಯಿಲ್ಲ, ಮುದುಕ ಅನ್ನಿಸಿಕೊಳ್ಳಬಾರದು. ನನ್ನ ಹೆಸರು ಹಾಳಾಗಲಿ, ಅವನ ತೋಳು ನೆಟ್ಟಗಿರಲಿ.

ಅದು ಆಮೇಲೆ. ಈಗ ಮಾಡಬೇಕಾದದ್ದು ಇದು: ಬ್ಯೂಕಿನ ಕೀಲಿಕೈ ಕಿತ್ತುಕೋ, ಇವತ್ತೇ. ಓಟದ ಕಾರನ್ನು ಹೊಡೆಸಿಕೊಳ್ಳುತ್ತದೆ ಎಂದು ಗೊತ್ತಿದ್ದೇ ಕಟ್ಟುತ್ತೇವೆ. ಸುತ್ತ ಉಕ್ಕಿನ ಪಂಜರ, ಎದೆಗೆ ಐದು ಬೆಲ್ಟು, ಎದುರಿನಿಂದ ಯಾರೂ ಬರುವುದಿಲ್ಲ. ರಸ್ತೆಯ ಕಾರನ್ನು ಎಲ್ಲರೂ ಅವರವರ ಬದಿಯಲ್ಲೇ ಇರುತ್ತಾರೆಂಬ ನಂಬಿಕೆಯ ಮೇಲೆ ಕಟ್ಟಿರುತ್ತಾರೆ. ಆ ನಂಬಿಕೆಯ ಪಕ್ಕದ ಸೀಟಿನಲ್ಲಿ ಪ್ರತಿ ಭಾನುವಾರ ಅಮ್ಮ ಕೂತು ಚರ್ಚಿಗೆ ಹೋಗುತ್ತಾಳೆ. ಅರ್ಥವಾಯಿತಾ?

ಕೀಲಿಕೈ. ಆಮೇಲೆ ಡಾಕ್ಟರು. ನಾನು ಹೇಳಿದೆ ಎಂದು ಹೇಳಬೇಡ.

ಡ್ರೀಮಾ


ಸಾಮಿಲ್ ಹಿಲ್
೧೯ ಆಗಸ್ಟ್ ೧೯೮೬

ಅಕ್ಕ,

ಎಲ್ಲರೂ ಬದುಕಿದ್ದೇವೆ. ಮೊದಲು ಅದು.

ನಿನ್ನ ಕಾಗದ ಓದಿ ನಾನು ಗ್ಯಾರೇಜಿನ ಹಿಂದೆ ಹೋಗಿ ಒಂದು ಡಬ್ಬವನ್ನು ಒದೆಯುತ್ತಾ ನಿಂತಿದ್ದೆ. ಅಂಚೆ ಕಂಬದ ವಿಷಯವನ್ನು ಅಷ್ಟು ತಮಾಷೆಯಾಗಿ ಬರೆದೆನಲ್ಲ. ನಿನ್ನ ಮೇಲೂ ಸಿಟ್ಟು ಬಂತು. ಮೂರು ಸಾವಿರ ಮೈಲಿ ಆಚೆಯಿಂದ ನೀನು ಕಂಡದ್ದು ಪಕ್ಕದ ಕುರ್ಚಿಯಲ್ಲಿ ಕೂತ ನನಗೆ ಕಾಣಲಿಲ್ಲ, ಅದಕ್ಕೆ.

ಕೀಲಿಕೈಯನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಅಮ್ಮ ತಿಂಡಿಗೆಂದು ಇಟ್ಟಿದ್ದ ಹಂದಿಯ ಯಕೃತ್ತಿನ ಗಟ್ಟಿಯೊಳಗೆ ತುರುಕಿಟ್ಟೆ. ಭಾನುವಾರ ಬೆಳಿಗ್ಗೆ ಅಪ್ಪ ಟೈ ಕಟ್ಟಿಕೊಂಡು ಬಂದ. ಟೈ ಕಟ್ಟಿದ್ದು ಅಮ್ಮ.

"ಕೀಲಿ ಎಲ್ಲೋ?"

"ತಂಪಾದ ಜಾಗದಲ್ಲಿ ವಿಶ್ರಾಂತಿ ತಗೊಳ್ತಾ ಇದೆ" ಎಂದೆ. "ಇವತ್ತಿಂದ ಈ ಮನೆಯ ಸಾರಥಿ ನಾನು. ಹಿಂದಿನ ಸೀಟಿನಲ್ಲಿ ದಯಮಾಡಿಸಬೇಕು."

"ಆಟ ಆಡಬೇಡ. ಕೊಡು."

"ನಿನ್ನ ಎಡಗೈಯಲ್ಲಿ ಈ ಲೋಟ ಎತ್ತಿ ತೋರಿಸು, ಕೊಡ್ತೀನಿ."

ಹಾಗೆ ಹೇಳಬಾರದಿತ್ತು. ಅಮ್ಮ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. ಅಪ್ಪನ ಕುತ್ತಿಗೆ ಕೆಂಪಾಯಿತು. "ಕೀಲಿ ಬೇಡದ ಕಾರೂ ಇದೆ ಈ ಮನೇಲಿ" ಎಂದು ಹೊರಗೆ ಹೋದ. ಟೈ ಸಮೇತ ನಲವತ್ತೇಳರ ಕಿಟಕಿಯಲ್ಲಿ ಕಾಲು ತೂರಿಸಿದ. ಮನೆಯ ಅಂಗಳದಲ್ಲೇ ಒಮ್ಮೆ ಎಂಜಿನ್ ಗುಡುಗಿಸಿ ಸಿಟ್ಟು ತೀರಿಸಿಕೊಳ್ಳುತ್ತಾನೆ ಎಂದುಕೊಂಡಳು ಅಮ್ಮ. ಬೈಯುತ್ತಲೇ ಹೋಗಿ ಬೆಲ್ಟು ಬಿಗಿದು ಬಲೆ ಕಟ್ಟಿದಳು. ಇಷ್ಟು ವರ್ಷ ಕಟ್ಟಿದ ಕೈ, ಅವಳನ್ನು ಕೇಳದೆ ಕಟ್ಟಿತು. ಅಪ್ಪ ಗುಂಡಿ ಒತ್ತಿದ, ಗೇಟು ದಾಟಿ ರಸ್ತೆಗೆ ಹೋಗಿಬಿಟ್ಟ. ಚರ್ಚಿಗೆ.

ಡ್ರೀಮಾ, ಆ ಕಾರನ್ನು ರಸ್ತೆಯ ಮೇಲೆ ನೀನು ನೋಡಬೇಕಿತ್ತು. ನೋಡದಿದ್ದದ್ದೇ ಒಳ್ಳೆಯದು. ಯಕೃತ್ತಿನಿಂದ ಕೀಲಿ ಬಗೆದು, ಕೈಯೆಲ್ಲ ಜಿಡ್ಡು ಮಾಡಿಕೊಂಡು, ಅಮ್ಮನನ್ನು ಬ್ಯೂಕಿನಲ್ಲಿ ಕೂರಿಸಿಕೊಂಡು ನಾನು ಹಿಂದೆ ಬಿದ್ದೆ. ಮುಂದೆ ನಲವತ್ತೇಳು. ಹಿಂದೆ ಎರಡು ಕೆಂಪು ದೀಪದ ಚಿತ್ರ, ಅವು ಯಾವತ್ತೂ ಹತ್ತುವುದಿಲ್ಲ, ಆರುವುದಿಲ್ಲ. ನೆಟ್ಟಗಿನ ರಸ್ತೆಯಲ್ಲಿ ಅದು ಎಡಕ್ಕೆ, ಎಡಕ್ಕೆ, ಎದುರಿನ ಗಾಡಿಗಳು ಬರುವ ಬದಿಗೆ ಮೂಸುತ್ತಾ ಹೋಗುತ್ತದೆ, ಅಪ್ಪ ಒಂದೇ ಕೈಯಲ್ಲಿ ಎಳೆದು ತರುತ್ತಾನೆ, ಮತ್ತೆ ಎಡಕ್ಕೆ. ನೀನು ಬರೆದಿದ್ದೆಯಲ್ಲ, ಅದಕ್ಕೆ ಬೇರೆ ಏನೂ ಗೊತ್ತಿಲ್ಲ ಅಂತ. ಅಮ್ಮ ನನ್ನ ಮೊಣಕೈ ಹಿಡಿದು, "ಹಾರ್ನ್ ಹೊಡಿಯೋ, ಹಾರ್ನ್ ಹೊಡಿಯೋ" ಎನ್ನುತ್ತಿದ್ದಳು. ಆ ಎಂಜಿನ್ ಸದ್ದಿನಲ್ಲಿ ಅವನಿಗೆ ಯಾವ ಹಾರ್ನ್.

ತಿರುವಿನಲ್ಲಿ ಎದುರಿನಿಂದ ಕೋಳಿ ಲಾರಿ ಬಂತು. ನಲವತ್ತೇಳು ಲಾರಿ ಬರುವ ಬದಿಯಲ್ಲೇ ಇತ್ತು. ಅಪ್ಪ ಬಲಕ್ಕೆ ಎಳೆದ, ಕಾರು ಅರ್ಧ ಸುತ್ತು ಹೊಡೆದು ಬೇಲಿ ಮುರಿದುಕೊಂಡು ಹೊಗೆಸೊಪ್ಪಿನ ಹೊಲದೊಳಗೆ ಹೋಗಿ ನಿಂತಿತು. ಲಾರಿ ನಿಲ್ಲಲೂ ಇಲ್ಲ. ಬಿಳಿ ಗರಿ ಸುಮಾರು ಹೊತ್ತು ಗಾಳಿಯಲ್ಲಿತ್ತು.

ಬಲೆ ಇಳಿಯಲಿಲ್ಲ.

ನಾನು ಓಡಿದೆ. ಓಡುತ್ತಾ ಬೈದೆ, ಬರೆಯಬಾರದ ಮಾತು. ಹಿಂದೆ ಅಮ್ಮ, ಈ ಸಲ ಚರ್ಚಿನ ಒಳ್ಳೆಯ ಚಪ್ಪಲಿಯಲ್ಲಿ. ಹತ್ತಿರ ಹೋದೆ, ಎಂಜಿನ್ ನಿಂತಿತ್ತು, ಆ ಮೌನದಲ್ಲಿ ಸದ್ದು ಕೇಳಿಸಿತು: ಟಿಕ್, ಟಿಕ್, ಟಿಕ್. ಬಲೆಯ ಒಳಗಡೆ ಅಪ್ಪನ ಎಡಗೈ, ತಗಡಿನ ಮೇಲೆ ಉಂಗುರ ಬಡಿಯುತ್ತಾ, ಚಿಲಕದ ಮೇಲಿಂದ ಜಾರಿ ಕೆಳಗೆ ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದ. ಮತ್ತೆ ಜಾರುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದ, ಬೇರೆ ಯಾರದೋ ಕೈ ನೋಡುವ ಹಾಗೆ.

ಅಷ್ಟರಲ್ಲಿ ಚರ್ಚಿಗೆ ಹೊರಟಿದ್ದ ಪೊಲೀಸ್ ಹಫ್‌ಮನ್ ಬಂದ. ನಿನಗೆ ಗೊತ್ತಲ್ಲ, ನಮ್ಮೂರಿನ ಆ ಒಬ್ಬನೇ ಪೊಲೀಸ್, ಯಾವ ಹೊತ್ತಿನಲ್ಲೂ ಏನಾದರೂ ಅಗಿಯುತ್ತಿರುವವನು.

"ಗ್ರೇಡಿ, ಎಷ್ಟು ವೇಗದಲ್ಲಿ ಹೋಗ್ತಿದ್ದೆ ಗೊತ್ತಾ?"

"ಮುಳ್ಳಿಲ್ಲ" ಎಂದ ಅಪ್ಪ.

"ದೀಪ ಹಾಕಿಲ್ಲ."

"ಹಗಲು ಕಣಯ್ಯ."

"ಬಾಗಿಲು ತೆಗಿ."

"ಬಾಗಿಲೂ ಇಲ್ಲ."

"ಸರಿ ಮಾರಾಯ, ಆ ಬಲೆನಾದ್ರೂ ಇಳಿಸು. ನೆಟ್ಟಗಿದ್ದೀಯಾ ಅಂತ ನೋಡ್ತೀನಿ."

ಅಪ್ಪ, ಹಫ್‌ಮನ್‌ಗೆ ಕೇಳಿಸಬಾರದು ಅಂದುಕೊಂಡು, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ: "ಟಾಲಿ. ನೀನೇ ತೆಗಿ."

ನಾನು ಕೈ ತೂರಿಸಿ ತೆಗೆದೆ. ಒಂದು ಬೆರಳು ಸಾಕಾಯಿತು. ಬಲೆ ಬಿತ್ತು. ಅಪ್ಪ ನನ್ನ ಮುಖ ನೋಡದೆ ಹೇಳಿದ: "ಅವತ್ತೂ ಹೀಗೇ. ಹುಡುಕ್ತಾನೇ ಇದ್ದೆ. ಕೊನೆಗೆ ಬಲಗೈಲಿ ಬೆಲ್ಟೆಲ್ಲ ಬಿಚ್ಚಿ, ಮೈ ತಿರುಗಿಸಿ ತೆಗೆಯೋ ಹೊತ್ತಿಗೆ ಅಷ್ಟು ಹೊತ್ತಾಗಿತ್ತು. ಎಲ್ಲಾ ನನ್ನನ್ನೇ ನೋಡ್ತಿದ್ರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ."

"ಅವಳ ವರ್ಷ ತಿಂದೆಯಲ್ಲ ಅಪ್ಪ" ಎಂದೆ.

"ಗೊತ್ತು."

"ಗೊತ್ತಿದ್ರೆ ಯಾಕೆ ಸುಮ್ಮನಿದ್ದೆ?"

ಅಮ್ಮ ನಡುವೆ ಬಂದಳು. ನನಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ಅಪ್ಪನಿಗೆ ಹೇಳಿದಳು: "ನಾನು ಗುಂಡಿ ಹಾಕ್ತೀನಿ, ಟೈ ಕಟ್ತೀನಿ, ಸುಳ್ಳೂ ಹೇಳಿದೆ ನಿನಗೋಸ್ಕರ, ನನ್ನ ಮಗಳಿಗೇ. ಇನ್ನು ಹೇಳಲ್ಲ ಗ್ರೇಡಿ. ಸಾಕು." ಹಫ್‌ಮನ್ ಟೋಪಿ ತೆಗೆದು ಹೊಗೆಸೊಪ್ಪಿನ ಎಲೆ ಎಣಿಸುವವನ ಹಾಗೆ ಆ ಕಡೆ ತಿರುಗಿ ನಿಂತ. ದಂಡ ಬರೆಯಲು ಪುಸ್ತಕ ತೆಗೆದವನು, ಯಾವ ತಪ್ಪಿಗೆ ಅಂತ ಬರೆಯಲಿ, ಇದರಲ್ಲಿ ಇರಬೇಕಾದ್ದು ಒಂದೂ ಇಲ್ಲವಲ್ಲ ಎಂದು ಪುಸ್ತಕವನ್ನು ಜೇಬಿಗೆ ಹಾಕಿಕೊಂಡ.

ದೊಡ್ಡಾಸ್ಪತ್ರೆಗೆ ಹೋಗಿ ಬಂದೆವು. ಮಿದುಳಿನಲ್ಲಿ ಒಂದು ಸಣ್ಣ ನಾಳ ಕಟ್ಟಿಕೊಂಡಿತ್ತಂತೆ, ವಸಂತದಲ್ಲೇ. ಮಾತ್ರೆ, ವ್ಯಾಯಾಮ, ರಬ್ಬರ್ ಚೆಂಡು ಹಿಸುಕುವುದು. ಗಾಡಿ ಓಡಿಸುವಂತಿಲ್ಲ. ಅಪ್ಪ ಚೆಂಡನ್ನು ಡಾಕ್ಟರ ಕುತ್ತಿಗೆ ಎಂದುಕೊಂಡು ಹಿಸುಕುತ್ತಾನೆ. ನಿನಗೆ ಬರೆಯಬೇಡ ಎಂದಿದ್ದಾನೆ. ಅದಕ್ಕೇ ಬರೆದೆ. ಈಗಲಾದರೂ ಬಾ.

ಟಾಲಿ


ಕೊಡಿಯಾಕ್
೩ ಸೆಪ್ಟೆಂಬರ್ ೧೯೮೬

ಟಾಲಿ,

ಅಮ್ಮನನ್ನು ಆ ಕಾರಿನ ಹಿಂದೆ ಕರೆದುಕೊಂಡು ಹೋದದ್ದಕ್ಕೆ ನಿನಗೆ ಒದೆ ಇದೆ. ಲೋಟದ ಮಾತಿಗೆ ಇನ್ನೊಂದು. ಬಲೆ ತೆಗೆದದ್ದಕ್ಕೆ ಏನು ಕೊಡಬೇಕು ಎಂದು ಗೊತ್ತಾಗುತ್ತಿಲ್ಲ.

ನಿನ್ನ ಕಾಗದವನ್ನು ಕೆಲಸದ ನಡುವೆ ಓದಿ, ಮೀನು ಸಾಗಿಸುವ ಯಂತ್ರದ ಪಟ್ಟಿ ನಿಲ್ಲಿಸಿಬಿಟ್ಟೆ. ಮೇಲ್ವಿಚಾರಕ ಬೈದ. ವಾಪಸ್ ಬೈದೆ.

ಬರುವುದಿಲ್ಲ. ಅಪ್ಪ ಒಪ್ಪಿಕೊಂಡದ್ದು ಯಾರೆದುರಿಗೆ? ನಿನ್ನೆದುರಿಗೆ, ಅಮ್ಮನೆದುರಿಗೆ, ಬಬಲ್‌ಗಮ್ ಅಗಿಯುವ ಹಫ್‌ಮನ್ ಎದುರಿಗೆ, ಹೊಗೆಸೊಪ್ಪಿನ ಎದುರಿಗೆ. ನನ್ನ ಹೆಸರನ್ನು ಕೆಡಿಸಿದ್ದು ಹೊಲದಲ್ಲಲ್ಲ. ಶನಿವಾರ ಓಟಕ್ಕೆ ಮೊದಲು ಎಲ್ಲ ಚಾಲಕರೂ ಸೇರುತ್ತಾರಲ್ಲ, ಅಲ್ಲಿ ಹೇಳಲಿ. ಶೂಕನೂ ಇರಬೇಕು. ಆಮೇಲೆ ನನಗೆ ತಾನೇ ಬರೆಯಲಿ. ನಿನ್ನ ಕೈಯಲ್ಲಿ ಬರೆಸಬಾರದು, ನೀನು ಹೂವು ಮುಡಿಸುತ್ತೀಯ. ಅಮ್ಮನ ಕೈಯಲ್ಲೂ ಬೇಡ, ಅವಳು ನುಂಗುತ್ತಾಳೆ.

ಅಪ್ಪ ಎಡಚ ಎಂದು ನನಗೆ ನೆನಪಿದೆ. ಬಲಗೈಯಲ್ಲಿ ಬರೆಯಲಿ. ಕಷ್ಟವಾಗಲಿ.

ಡ್ರೀಮಾ


ಸಾಮಿಲ್ ಹಿಲ್
ಸೆಪ್ಟೆಂಬರ್ ೨೧

ಡ್ರೀಮಾ,

ಇದು ಬಲಗೈ. ಕೋಳಿ ಕೆರೆದ ಹಾಗೆ ಬರುತ್ತೆ. ಓದಿಕೋ.

ನಿನ್ನೆ ಶನಿವಾರ ಹೋಗಿದ್ದೆ. ಎಲ್ಲಾ ಇದ್ದರು. ಮೂರನೇ ತಿರುವಿನಲ್ಲಿ ಅಡ್ಡ ಬಂದವನು ನಾನು, ಕೈ ಬಿದ್ದುಹೋಗಿತ್ತು, ಅವಳು ತನ್ನ ಗೆರೆಯಲ್ಲೇ ಇದ್ದಳು ಅಂತ ಹೇಳಿದೆ. ಜೋರಾಗಿ ಹೇಳು ಗ್ರೇಡಿ, ಹಿಂದೆ ಇರೋರಿಗೆ ಕೇಳ್ತಿಲ್ಲ ಅಂದ ಆ ಶೂಕ. ಅವನಿಗೆ ಕೇಳಿಸಿತ್ತು. ಎರಡನೇ ಸಲ ಜೋರಾಗಿ ಹೇಳಿದೆ. ಅವನ ಹಲ್ಲು ಮುರಿಯೋಣ ಅನ್ನಿಸಿತು, ಆದರೆ ಯಾವ ಕೈಲಿ.

ಬಹಿಷ್ಕಾರ ತೆಗೆದರು. ಕಾಗದ ನಿನಗೆ ಬರುತ್ತೆ.

ಬಲೆ ವಿಷಯ. ಹೆದರಲಿ ಅಂತ ಕೂತಿರಲಿಲ್ಲ. ಹೆದರಿದ್ದು ನಾನು.

ಟಾಲಿ ಹೇಳಿದ, ಹಳೇ ಚಿಲಕ ನಿನ್ನ ಹತ್ತಿರ ಇದೆ ಅಂತ. ವಾಪಸ್ ಕಳಿಸು. ನಾನು ಹಾಕಿದ ಹೊಸದು ಸರಿಯಿಲ್ಲ, ನಿನ್ನ ಕೈ ನನ್ನದಕ್ಕಿಂತ ಗಿಡ್ಡ, ಅಲ್ಲಿಗೆ ಎಟಕಲ್ಲ. ಸೀಟೂ ನಿನಗೆ ಅಗಲ. ಅದನ್ನು ನಿನ್ನ ಅಳತೆಗೆ ಕತ್ತರಿಸಿದೀನಿ. ಈಗ ನನ್ನ ಹಿಂಭಾಗ ಅದರೊಳಗೆ ಹೋಗಲ್ಲ, ಕೂತು ನೋಡಿದೆ.

ಅಮ್ಮ ರೊಟ್ಟಿ ಸೀಯಿಸೋದು ಇನ್ನೂ ನಿಲ್ಲಿಸಿಲ್ಲ.

ಗ್ರೇಡಿ ಬ್ರ್ಯಾಕೆನ್
(ನಿಮ್ಮಪ್ಪ)


ಕೊಡಿಯಾಕ್
೪ ಅಕ್ಟೋಬರ್ ೧೯೮೬

ಅಪ್ಪ,

ಓದಲು ಅರ್ಧ ದಿನ ಹಿಡಿಯಿತು. ಇನ್ನೂ ಸಿಟ್ಟಿದೆ, ಇದೊಂದು ಕಾಗದಕ್ಕೆ ಹೋಗುವಂಥದ್ದಲ್ಲ. ಮನೆಯಲ್ಲಿ ಕೂತು ಪೂರ್ತಿ ಬೈಯಬೇಕು.

ಚಿಲಕವನ್ನು ಅಂಚೆಗೆ ಹಾಕುವುದಿಲ್ಲ. ಕೈಚೀಲದಲ್ಲಿದೆ. ಗೀರು ಬಿದ್ದ ಆ ತಗಡಿಗೆ ಯಾರೂ ಬಣ್ಣ ಹೊಡೆಯಕೂಡದು, ಅದನ್ನೂ ಹಾಗೇ ತರುತ್ತಿದ್ದೇನೆ. ನಾನು ಬರುವವರೆಗೂ ಆ ಮೂಲೆಯಲ್ಲಿ ರಂಧ್ರ ಕೊರೆಯಬೇಡ. ನಾನು ಸೀಟಿನಲ್ಲಿ ಕೂತಿರುತ್ತೇನೆ, ಬೆಲ್ಟು ಬಿಗಿದುಕೊಂಡು. ನನ್ನ ಕೈ ತಾನಾಗಿ ಎಲ್ಲಿ ಬೀಳುತ್ತದೋ ನೋಡಿ, ನೀನು ಗುರುತು ಹಾಕು.

ಬಲಗೈಯಲ್ಲೇ ಹಾಕು.

ಡ್ರೀಮಾ